ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಗೆ ಹೊರಡುವವರ ಆರೋಗ್ಯಕ್ಕೆ ಕೆಲವು ಮಾತು

ಕರಾವಳಿಯಿಂದ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳಿಗೆ ಹೋಗಿಬರುವವರು ನಾವೆಣಿಸಿದಷ್ಟು ಕಡಿಮೆಯೇನೂ ಇಲ್ಲ. ಬ್ಯಾಂಕು, ಶಾಲೆ, ಆಸ್ಪತ್ರೆಗಳಿಗೆ ವರ್ಗವಾಗಿ ಹೋದವರಿದ್ದಾರೆ. ಆ ಕಡೆಯ ಕಾನ್ವೆಂಟುಗಳಲ್ಲಿ ಸೇವೆಯಲ್ಲಿರುವ ಧರ್ಮಭಗಿನಿಯರನ್ನು ಕಾಣಲು ಹೊರಡುವ ಮನೆಯವರಿದ್ದಾರೆ. ಮಸ್ಕಿಯಲ್ಲಿ ಅಶೋಕನ ಶಾಸನ ನೋಡಲು ಹೋಗುವ ಕಾಲೇಜು ವಿದ್ಯಾರ್ಥಿಗಳು, ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹಳೆಯ ಇಗರ್ಜಿಗೂ ಕೋಟೆಗೂ ಬಸ್ಸು ಮಾಡಿಕೊಂಡು ಹೋಗುವ ವಾಳೆಯ ಜನ, ಹಟ್ಟಿಯ ಚಿನ್ನದ ಗಣಿಯಲ್ಲಿ ನೌಕರಿಯಲ್ಲಿರುವ ನೆಂಟರನ್ನು ನೋಡಲು ಹೋಗುವವರು, ಹೀಗೆ ಪಟ್ಟಿ ಬೆಳೆಯುತ್ತದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಪ್ರಯಾಣ ಇನ್ನಷ್ಟು ಸುಲಭವಾಗಿದೆ. ಆದರೆ ಹೊರಡುವ ಮುನ್ನ ಏನನ್ನು ತಿಳಿದಿರಬೇಕು ಎಂದು ಕೇಳುವ ಓದುಗರಿಗೆ ಒಂದೇ ಕಡೆ ಉತ್ತರ ಸಿಗುವುದಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಲೇಖನವನ್ನು ಪ್ರಕಟಿಸುತ್ತಿದ್ದೇವೆ. ಇದರಲ್ಲಿ ಬಹುಪಾಲು ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ಸ್ವಲ್ಪ ಪಾಲು ನಾವೇ ಪೆಟ್ಟು ತಿಂದು ಕಲಿತದ್ದು.

ಬೆವರು ಕಾಣದ ಬಿಸಿಲು

ಮೊದಲು ಆ ಪೆಟ್ಟಿನ ಕಥೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾವು ಒಂಬತ್ತು ಮಂದಿ ಮಸ್ಕಿಗೆ ಹೋಗಿದ್ದೆವು. ಬಸ್ಸು ತಡವಾಗಿ, ಉಪಾಹಾರ ಮತ್ತೂ ತಡವಾಗಿ, ಬೆಟ್ಟದ ಬುಡ ತಲುಪುವಾಗ ಹನ್ನೊಂದೂವರೆ ಗಂಟೆ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಅಂಗಿಯ ಕಾಲರು ಮುಟ್ಟಿ ನೋಡಿ, "ಬೆವರೇ ಇಲ್ಲ ಮಾರಾಯ್ರೆ, ನಮ್ಮೂರಿಗಿಂತ ಇಲ್ಲಿಯೇ ಹಿತ" ಎಂದರು. ನಾವೂ ತಲೆಯಾಡಿಸಿದೆವು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅವರು ಬಂಡೆಗೆ ಒರಗಿ ಕುಳಿತರು, ಮಾತು ತೊದಲಿತು, ವಾಂತಿಯಾಯಿತು. ಕುರಿ ಕಾಯುತ್ತಿದ್ದ ಇಬ್ಬರು ಓಡಿ ಬಂದು ಅವರನ್ನು ಬೇವಿನ ಮರದ ನೆರಳಿಗೆ ಹೊತ್ತರು, ತಮ್ಮ ಬಾಟಲಿಯ ನೀರನ್ನೇ ತಲೆಗೂ ಎದೆಗೂ ಸುರಿದು ಟವೆಲ್ಲಿನಿಂದ ಗಾಳಿ ಹಾಕಿದರು. ಅವರಲ್ಲಿ ಒಬ್ಬಾತ ನಮ್ಮ ಕಡೆ ತಿರುಗಿ, "ಈ ಹೊತ್ತಿನ್ಯಾಗ ಯಾರರ ಗುಡ್ಡ ಹತ್ತತಾರೇನ್ರೀ ಯಪ್ಪಾ?" ಎಂದು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಿರಿಯರು ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. ಶಾಸನವನ್ನು ಆ ದಿನ ನಾವು ಯಾರೂ ನೋಡಲಿಲ್ಲ.

ತಪ್ಪು ಎಲ್ಲಿತ್ತೆಂಬುದು ಆಮೇಲೆ ಅರ್ಥವಾಯಿತು. ಕರಾವಳಿಯವರು ಸೆಕೆಯನ್ನು ಬೆವರಿನಿಂದ ಅಳೆಯುತ್ತೇವೆ. ನಮ್ಮಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಅಂಗಿ ಮೈಗೆ ಅಂಟುತ್ತದೆ. ಹಾಗಾಗಿ ನೀರು ಕುಡಿಯಬೇಕೆಂಬ ಎಚ್ಚರ ತಾನಾಗಿ ಬರುತ್ತದೆ. ರಾಯಚೂರು ಕಡೆಯ ಬೇಸಿಗೆಯ ಗಾಳಿ ಒಣ ಗಾಳಿ. ಅಲ್ಲಿಯೂ ಬೆವರು ಬರುತ್ತದೆ, ಬಂದ ಕ್ಷಣವೇ ಆರಿಹೋಗುತ್ತದೆ. ಮೈ ಒಣಗಿದೆ ಎಂದು ನಾವು ನೆಮ್ಮದಿಯಲ್ಲಿರುವಾಗಲೇ ದೇಹದ ನೀರೂ ಉಪ್ಪೂ ಖಾಲಿಯಾಗುತ್ತಿರುತ್ತವೆ. ಆದ್ದರಿಂದ ಅಲ್ಲಿ ಬಾಯಾರಿಕೆಗೆ ಕಾಯಬಾರದು, ಗಡಿಯಾರ ನೋಡಿ ಕುಡಿಯಬೇಕು. ಹೊರಗೆ ತಿರುಗಾಡುವಾಗ ಅರ್ಧ ಗಂಟೆಗೊಮ್ಮೆ ಒಂದು ಲೋಟ ನೀರು, ನಡುವೆ ಉಪ್ಪು ಹಾಕಿದ ಮಜ್ಜಿಗೆ. ಮೂತ್ರ ತಿಳಿಹಳದಿಯಿದ್ದರೆ ಸರಿ, ಕಡುಬಣ್ಣಕ್ಕೆ ತಿರುಗಿದರೆ ನೀವು ಹಿಂದೆ ಬಿದ್ದಿದ್ದೀರಿ ಎಂದು ತಿಳಿಯಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಈ ಮೂರೂ ತಾಲೂಕುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಈ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವಂತೆ ಸರ್ಕಾರವೇ ಆದೇಶ ಹೊರಡಿಸುತ್ತ ಬಂದಿದೆ. ಮೇ 2024ರಲ್ಲಿ ಸಿಂಧನೂರು ತಾಲೂಕಿನಲ್ಲಿ ಬಿಸಿಲಿನ ಹೊಡೆತಕ್ಕೆ ಜನ ಸತ್ತ ವರದಿಗಳು ಪತ್ರಿಕೆಗಳಲ್ಲಿ ಬಂದವು. ಸತ್ತವರು ಆ ಬಿಸಿಲಿನಲ್ಲೇ ಹುಟ್ಟಿ ಬೆಳೆದವರು. ಅಂಥಲ್ಲಿ ಕಡಲ ಗಾಳಿಯ ನಮ್ಮ ಮೈಗೆ ಹೊಂದಿಕೊಳ್ಳಲು ಒಂದೆರಡು ವಾರವಾದರೂ ಬೇಕು. ಮೂರು ದಿನದ ಪ್ರವಾಸಕ್ಕೆ ಹೋದವರಿಗೆ ಆ ಸಮಯವೇ ಇರುವುದಿಲ್ಲ. ಸಾಧ್ಯವಿದ್ದವರು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ. ಬೇಸಿಗೆಯಲ್ಲಿಯೇ ಹೋಗಬೇಕಾದರೆ ಬೆಟ್ಟ, ಕೋಟೆ, ಶಾಸನ ಎಲ್ಲವನ್ನೂ ಬೆಳಿಗ್ಗೆ 9ರೊಳಗೆ ಮುಗಿಸಿ, ಮಧ್ಯಾಹ್ನ ಆ ಊರಿನವರು ಮಾಡುವಂತೆ ಬಾಗಿಲು ಮುಚ್ಚಿ ಮಲಗಿ, ಐದರ ಮೇಲೆ ಹೊರಬನ್ನಿ.

ಬಿಸಿಲಿಗೆ ಸುಸ್ತಾಗುವುದು ಬೇರೆ, ಬಿಸಿಲಾಘಾತ ಬೇರೆ. ತಲೆಸುತ್ತು, ಕಾಲು ಹಿಡಿದುಕೊಳ್ಳುವುದು, ವಾಕರಿಕೆ ಇದ್ದು ಮಾತು ಸರಿಯಿದ್ದರೆ ನೆರಳು, ಓಆರ್‌ಎಸ್, ವಿಶ್ರಾಂತಿ ಸಾಕು. ಮಾತು ತೊದಲಿದರೆ, ತಾನೆಲ್ಲಿದ್ದೇನೆಂದು ಹೇಳಲಾಗದಿದ್ದರೆ, ಪ್ರಜ್ಞೆ ಮಂಕಾದರೆ ಅದು ಪ್ರಾಣಕ್ಕೆ ಬಂದದ್ದು. ಆಗ ಮೊದಲ ಕೆಲಸ ಮೈ ತಣಿಸುವುದು: ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಹಾಕಬೇಕು, ಕಂಕುಳು ತೊಡೆಸಂದಿಗೆ ತಣ್ಣೀರ ಬಟ್ಟೆ ಇಡಬೇಕು, ಜೊತೆಜೊತೆಗೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರಕ್ತದೊತ್ತಡಕ್ಕೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರು, ವಿಶೇಷವಾಗಿ ಮೂತ್ರ ಹೆಚ್ಚಿಸುವ ಮಾತ್ರೆಯವರು, ಹೊರಡುವ ಮುನ್ನ ತಮ್ಮ ವೈದ್ಯರನ್ನು ಕಾಣಲೇಬೇಕು. ಇನ್ಸುಲಿನ್ ಬಾಟಲಿಯನ್ನು ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಬಿಸಿಲಿನ ಅಪಾಯಕ್ಕೂ ಮೂತ್ರನಾಳದ ಸೋಂಕಿಗೂ ಇದೇ ದಾರಿ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಒಂದೊಂದಕ್ಕೆ ಸುಮಾರು 25 ಕಿ.ಮೀ. ಅಂತರ. ಪ್ರವಾಸದ ಮುಂದಾಳುಗಳು ಪ್ರತಿ ಊರಿನಲ್ಲಿಯೂ ಅದಕ್ಕೆಂದೇ ಕಾಲು ಗಂಟೆ ಬಸ್ಸು ನಿಲ್ಲಿಸಲಿ. ಯಾರೂ ಕೇಳಲಿ ಎಂದು ಕಾಯುವುದು ಬೇಡ.

ನೀರು

ಸಿಂಧನೂರು ಸುತ್ತಿನ ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಹೊಸಪೇಟೆಯ ಅಣೆಕಟ್ಟಿನ ನೀರು ಬಂದ ಮೇಲೆ ಒಣ ಎರೆಭೂಮಿ ಭತ್ತದ ಕಣಜವಾಯಿತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲಿ ಕ್ಯಾಂಪುಗಳಾದವು. ಅನೇಕ ಊರುಗಳಲ್ಲಿ ಕುಡಿಯುವ ನೀರೂ ಇದೇ ಕಾಲುವೆಯದು. ಹರಿಯುವಾಗ ಕೆರೆ ತುಂಬಿಸಿಕೊಂಡು, ಸಾಮಾನ್ಯವಾಗಿ ಏಪ್ರಿಲ್ ಹೊತ್ತಿಗೆ ಕಾಲುವೆ ನಿಂತ ಮೇಲೆ ಆ ಕೆರೆಯಿಂದಲೇ ಬೇಸಿಗೆ ದಾಟಿಸುತ್ತಾರೆ. ತಿಂಗಳು ಕಳೆದಂತೆ ನೀರು ಹಸಿರಾಗುತ್ತದೆ. ಮೇಲಿನ ಗದ್ದೆಗಳ ಗೊಬ್ಬರ, ಕೀಟನಾಶಕ ಬಸಿದು ಬರುವ ನೀರೂ ಇದೇ ಹಳ್ಳಗಳಿಗೆ ಸೇರುತ್ತದೆ. ಜಿಲ್ಲಾ ಕೇಂದ್ರವಾದ ರಾಯಚೂರು ನಗರದಲ್ಲಿಯೇ 2022ರ ಮೇ, ಜೂನ್ ತಿಂಗಳಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಮತ್ತೆ ವಾಂತಿಭೇದಿ ಹರಡಿತು.

ಎರಡು ಮೂರು ದಿನಕ್ಕೆ ಹೋಗುವವರಿಗೆ ಭಯವಿರುವುದು ರೋಗಾಣುಗಳದ್ದು. ಚೆನ್ನಾಗಿ ಕುದಿಸಿದ ನೀರು, ಇಲ್ಲವೇ ಮುಚ್ಚಳ ಒಡೆಯದ ಬಾಟಲಿ ನೀರು ಸಾಕು. ಹೋಟೆಲಿನಲ್ಲಿ ಕುಳಿತ ಕೂಡಲೇ ಮುಂದಿಡುವ ಸ್ಟೀಲ್ ಲೋಟದ ನೀರನ್ನು ಮರ್ಯಾದೆಗೆಂದು ಕುಡಿಯಬೇಕಿಲ್ಲ. ಬಾಟಲಿ ತೋರಿಸಿ "ನಮ್ದು ಐತ್ರಿ" ಎಂದರೆ ಯಾರೂ ಬೇಸರಿಸುವುದಿಲ್ಲ.

ಅಲ್ಲಿಯೇ ನೆಲೆಸುವವರ ಪ್ರಶ್ನೆ ಬೇರೆ, ಇದು ನಮ್ಮ ಶಿಕ್ಷಕರಿಗೂ ಧರ್ಮಭಗಿನಿಯರಿಗೂ ಸಂಬಂಧಿಸಿದ್ದು. ಕಾಲುವೆ ತಲುಪದ ಲಿಂಗಸುಗೂರು ಭಾಗದಲ್ಲಿ ಕೊಳವೆಬಾವಿಯ ನೀರೇ ಆಧಾರ. ರಾಯಚೂರು ಜಿಲ್ಲೆಯ ಹಲವು ಕಡೆ ಅಂಥ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಚಿನ್ನದ ಅದಿರಿರುವ ಶಿಲೆಗಳ ಪಟ್ಟಿಯಲ್ಲಿ ಕೆಲವೆಡೆ ಆರ್ಸೆನಿಕ್ ಸಹ ಇದೆ. ಪಕ್ಕದ ಸುರಪುರ ತಾಲೂಕಿನಲ್ಲಿ ಮುಚ್ಚಿಹೋದ ಚಿನ್ನದ ಗಣಿಯೊಂದರ ಬಳಿಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಆರ್ಸೆನಿಕ್ ವಿಷದ ಕಲೆಗಳನ್ನು ತಜ್ಞರು ಗುರುತಿಸಿದ್ದರು. (ಆ ಗಣಿಯ ಊರಿನ ಹೆಸರೂ ಮಂಗಳೂರು ಎಂಬುದು ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು.) ಫ್ಲೋರೈಡಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಇವೆರಡಕ್ಕೂ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಬರಿಯ ಯುವಿ ಯಂತ್ರಕ್ಕೂ ಇವು ಸಿಕ್ಕುವುದಿಲ್ಲ, ಆರ್‌ಓ ಬೇಕು. ನಾಣ್ಯ ಹಾಕಿದರೆ ಕೊಡ ತುಂಬಿಸುವ ಶುದ್ಧ ನೀರಿನ ಘಟಕಗಳು ಊರೂರಿನಲ್ಲಿವೆ, ಆದರೆ ಒಳಗಿನ ಪೊರೆಯನ್ನು ಯಾವಾಗ ಬದಲಿಸಿದ್ದೀರಿ ಎಂದು ನಡೆಸುವವರನ್ನು ಕೇಳಿಯೇ ತರಿಸಿ. ಬೋರ್‌ವೆಲ್ ಇರುವ ಶಾಲೆ, ವಸತಿನಿಲಯಗಳು ವರ್ಷಕ್ಕೊಮ್ಮೆ ಜಿಲ್ಲಾ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕಳಿಸಿ ಪರೀಕ್ಷೆ ಮಾಡಿಸಲಿ. ಮೂರು ದಿನದ ಅತಿಥಿ ಇದಕ್ಕೆ ಹೆದರಬೇಕಿಲ್ಲ. ಹತ್ತು ವರ್ಷ ಅದೇ ನೀರು ಕುಡಿಯುವ ಹಾಸ್ಟೆಲಿನ ಮಕ್ಕಳ ಹಲ್ಲು, ಎಲುಬುಗಳ ಬಗ್ಗೆ ಹೆದರಬೇಕು.

ರಸ್ತೆ

ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಮೂರೂ ಊರುಗಳನ್ನು ಪೋಣಿಸುತ್ತದೆ. ನಮ್ಮ ಘಾಟಿಯ ತಿರುವುಗಳಿಗೆ ಒಗ್ಗಿದ ಚಾಲಕರಿಗೆ ಇಲ್ಲಿನ ನೇರ ರಸ್ತೆ ಆಟಿಗೆಯಂತೆ ಕಾಣುತ್ತದೆ, ಅಪಾಯವಿರುವುದು ಅಲ್ಲಿಯೇ. ರಾತ್ರಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು, ರಸ್ತೆಯ ಅರ್ಧ ಆವರಿಸಿದ ಭತ್ತ ಕೊಯ್ಯುವ ಯಂತ್ರ, ಟಾರಿನ ಮೇಲೆಯೇ ಒಣಹಾಕಿದ ಧಾನ್ಯದ ರಾಶಿ, ಸುತ್ತ ಇಟ್ಟ ಕಲ್ಲು, ನೂರಾರು ಕುರಿಗಳ ಹಿಂಡು ಎಲ್ಲವೂ ಕ್ಷಣಮಾತ್ರದಲ್ಲಿ ಎದುರಾಗುತ್ತವೆ. ಜನವರಿ 2025ರಲ್ಲಿ ಮಂತ್ರಾಲಯದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳನ್ನು ಹಂಪಿಯ ಕಡೆಗೆ ಕರೆದೊಯ್ಯುತ್ತಿದ್ದ ವಾಹನ ರಾತ್ರಿ ಸಿಂಧನೂರಿನ ಬಳಿ ಮಗುಚಿ ಮೂವರು ವಿದ್ಯಾರ್ಥಿಗಳೂ ಚಾಲಕನೂ ತೀರಿಕೊಂಡರು. ಯಾತ್ರೆಯ ವಾಹನಗಳನ್ನು ಗೊತ್ತುಮಾಡುವವರು ಆ ಸುದ್ದಿಯನ್ನು ಮರೆಯಬಾರದು. ಕರಾವಳಿಯಿಂದ ರಾತ್ರಿಯಿಡೀ ಓಡಿಸಿದ ಚಾಲಕನಿಗೆ ಹಗಲು ಮಲಗಲು ಕೋಣೆ ಕೊಡಿ, ಅವನ ಊಟದಲ್ಲಿ ಉಳಿತಾಯ ಮಾಡಬೇಡಿ, ಬಾಡಿಗೆ ಉಳಿಸಲೆಂದು ಒಬ್ಬನೇ ಚಾಲಕನಿಂದ ಎರಡು ರಾತ್ರಿ ಓಡಿಸಬೇಡಿ. ಬಿಸಿಲಿಗೆ ಕಾದ ರಸ್ತೆಯಲ್ಲಿ ಸವೆದ ಟೈರು ಸಿಡಿಯುತ್ತದೆ. ಹೊರಡುವ ಮುನ್ನ ಸ್ಟೆಪ್ನಿ ಸಮೇತ ನೋಡಿಸಿ. ಹಿಂದಿನ ಸೀಟಿನವರೂ ಬೆಲ್ಟು ಹಾಕಲಿ.

ಮಳೆಗಾಲದಲ್ಲಿ ಎರೆಮಣ್ಣಿನ ಅಡ್ಡರಸ್ತೆಗೆ ಇಳಿದರೆ ಚಕ್ರ ಹೂತು ಅಲ್ಲಿಯೇ ಸಂಜೆಯಾಗುತ್ತದೆ. ಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಮುಂದಿನ ಬಸ್ಸು ದಾಟಿತೆಂದು ನೀವೂ ದಾಟಬೇಡಿ.

ಕಾಲುವೆ, ಹೊಳೆ, ಗಣಿ

ಕಡಲಲ್ಲಿ ಈಜುವ ನಮ್ಮ ಹುಡುಗರಿಗೆ ಕಾಲುವೆ ಕಂಡರೆ ಆಟದ ಕೊಳವೆನಿಸುತ್ತದೆ. ಸಿಮೆಂಟು ಹಾಕಿದ ಇಳಿಜಾರು ದಂಡೆಗೆ ಪಾಚಿ ಕಟ್ಟಿರುತ್ತದೆ, ಹಿಡಿಯಲು ಬೇರಿಲ್ಲ ಕಲ್ಲಿಲ್ಲ, ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಬಲವಾಗಿರುತ್ತದೆ. ಇಳಿದವನಿಗೆ ಹತ್ತಲು ಆಗುವುದಿಲ್ಲ. ಒಬ್ಬ ಜಾರಿದರೆ ಬೆನ್ನಿಗೇ ಹಾರಬೇಡಿ, ಸೀರೆ, ಹಗ್ಗ, ಏಣಿ ಏನಾದರೂ ಎಸೆಯಿರಿ. ಲಿಂಗಸುಗೂರು ತಾಲೂಕಿನ ಜಲದುರ್ಗದ ಕೋಟೆ ನೋಡಲು ಹೋಗುವವರು ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ನೆನಪಿಡಿ. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳಿಗೆ ದಾರಿ ಕಡಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಮೊದಲೇ ವಿಚಾರಿಸಿ. ಹಟ್ಟಿಯಲ್ಲಿ ಅನುಮತಿಯಿಲ್ಲದೆ ಗಣಿಯೊಳಗೆ ಬಿಡುವುದಿಲ್ಲ. ಅದಿರು ಅರೆದು ಉಳಿದ ಬೂದುಬಣ್ಣದ ದಿಬ್ಬಗಳು ಮರಳಿನ ಗುಡ್ಡೆಯಂತೆ ಕಂಡರೂ ಚಿನ್ನ ತೆಗೆಯಲು ಸೈನೈಡ್ ಬಳಸಿದ ಪುಡಿಯದು, ಮಕ್ಕಳನ್ನು ಅದರ ಮೇಲೆ ಆಡಲು ಬಿಡಬಾರದು.

ಹಾವು, ಚೇಳು, ಸೊಳ್ಳೆ

ಒಣಕಲ್ಲಿನ ನೆಲ ಉರಿಮಂಡಲ ಹಾವಿಗೆ, ಚೇಳಿಗೆ ಪ್ರಿಯ. ಭತ್ತದ ಗದ್ದೆಯಲ್ಲಿ ಇಲಿ ಹುಡುಕಿ ಕೊಳಕುಮಂಡಲವೂ ನಾಗರವೂ ಬರುತ್ತವೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುವುದು ಅಲ್ಲಿನ ರೂಢಿ, ಹಿತವೂ ಹೌದು. ನೆಲದ ಮೇಲಲ್ಲ, ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ನಿದ್ದೆಯಲ್ಲಿದ್ದವರನ್ನು ಕಚ್ಚುವ ಕಟ್ಟುಹಾವಿನಿಂದಲೂ ಪರದೆ ಕಾಪಾಡುತ್ತದೆ. ಬೆಳಿಗ್ಗೆ ಬೂಟು ಕೊಡವಿ ಹಾಕಿ. ಬೆಟ್ಟ ಹತ್ತುವಾಗ ಕಾಣದ ಬಂಡೆ ಸಂದಿಗೆ ಕೈ ಹಾಕಬೇಡಿ.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲನ್ನು ಮುರಿದ ಎಲುಬಿಗೆ ಕಟ್ಟುವಂತೆ ಅಲುಗದಂತೆ ಕಟ್ಟಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಮದ್ದು ನಾಟಿ ಔಷಧದಲ್ಲಿಲ್ಲ, ಪ್ರತಿವಿಷದಲ್ಲಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಚೇಳು ಕಡಿತ ದೊಡ್ಡವರಿಗೆ ಸಾಮಾನ್ಯವಾಗಿ ನೋವಿನಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ವಿಷ ಹೃದಯಕ್ಕೆ ತಾಗಿದೆ ಎಂದರ್ಥ. ಇದಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಪ್ರಾಣ ಉಳಿಸಬಲ್ಲದೆಂದು ತೋರಿಸಿಕೊಟ್ಟವರು ಕೊಂಕಣದ ಮಹಾಡದಲ್ಲಿ ಸೇವೆ ಸಲ್ಲಿಸಿದ ವೈದ್ಯ ಹಿಮ್ಮತರಾವ್ ಬಾವಸ್ಕರ್. ನಾಯಿ ಕಚ್ಚಿದರೆ ಸಾಬೂನು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಆರಂಭಿಸಿ.

ಸೊಳ್ಳೆಯ ವಿಷಯದಲ್ಲಿ ಮಂಗಳೂರಿನವರು ಬೇರೆಯವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಮಲೇರಿಯಾವನ್ನು ನಾವೇ ಅಲ್ಲಿಗೆ ಒಯ್ದೇವು. ಭತ್ತದ ನೀರು ನಿಂತ ಸೀಮೆಯಲ್ಲಿ ಡೆಂಗಿ, ಚಿಕುನ್‌ಗುನ್ಯಾಗಳ ಜೊತೆಗೆ ಮೆದುಳು ಜ್ವರದ ಭಯವೂ ಇದೆ. ಆ ಜಿಲ್ಲೆಯಲ್ಲಿ ಮಕ್ಕಳಿಗೆ ಅದರ ಲಸಿಕೆ ಹಾಕುತ್ತಾರೆ, ಕುಟುಂಬ ಸಮೇತ ವರ್ಗವಾಗಿ ಹೋಗುವವರು ತಮ್ಮ ಮಕ್ಕಳಿಗೂ ಹಾಕಿಸಬೇಕೇ ಎಂದು ಕೇಳಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಸಿಬಿಸಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಇವುಗಳಷ್ಟು ನಿರಪಾಯದ ಊಟ ಪ್ರಯಾಣದಲ್ಲಿ ಬೇರೆ ಇಲ್ಲ. ಖಾರ ನಮ್ಮ ನಾಲಗೆಗೆ ಹೆಚ್ಚು, ಮೊದಲ ದಿನ ಮೊಸರು ಹೆಚ್ಚು ಕೇಳಿ. ಬಸ್‌ನಿಲ್ದಾಣದ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನದೆ ಬಂದವನು ಸಿಂಧನೂರಿಗೆ ಹೋಗಿಯೇ ಇಲ್ಲ. ಆದರೆ ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ತಿನ್ನಿ, ಬುಟ್ಟಿಯಲ್ಲಿ ತಣ್ಣಗಾದದ್ದನ್ನು ಬಿಡಿ.

ದವಾಖಾನೆ

ಸಿಂಧನೂರು, ಲಿಂಗಸುಗೂರುಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ದೊಡ್ಡ ಚಿಕಿತ್ಸೆಗೆ ರಾಯಚೂರಿನ ರಿಮ್ಸ್‌ಗೆ ಇಲ್ಲವೇ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕು. ಒಂದೂವರೆ, ಎರಡು ಗಂಟೆಯ ದಾರಿ. ಹತ್ತು ಹೆಜ್ಜೆಗೊಂದು ಆಸ್ಪತ್ರೆಯಿರುವ ಮಂಗಳೂರಿನಿಂದ ಹೋದವರು ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎದೆನೋವು, ಹಾವು, ಅಪಘಾತ ಯಾವುದೇ ಇರಲಿ, ನೋಡೋಣ ಎಂದು ಕಾಯುವ ಅರ್ಧ ಗಂಟೆ ಅಲ್ಲಿ ತುಂಬಾ ದುಬಾರಿ. ಆಂಬುಲೆನ್ಸಿಗೆ 108, ಪೊಲೀಸ್ ಸಹಿತ ಎಲ್ಲ ತುರ್ತಿಗೆ 112. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ, ಕೇಳಿ ಪಡೆಯಿರಿ. ನಿತ್ಯದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಒಯ್ಯಿರಿ, ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ಮಾತೂ ಸ್ವಲ್ಪ ಕಲಿತಿರಿ. ಅಲ್ಲಿ ಆಸ್ಪತ್ರೆ ದವಾಖಾನಿ, ಮಾತ್ರೆ ಗುಳಿಗಿ, ಕಾಯಿಲೆ ಜಡ್ಡು. "ಬಿಸಲು ಬಡದೈತಿ" ಎಂದರೆ ಸಾಕು, ಉಳಿದದ್ದನ್ನು ಅವರೇ ಅರಿತುಕೊಳ್ಳುತ್ತಾರೆ. "ರೀ" ಸೇರಿಸಿ ಕೇಳಿದವರಿಗೆ ಕೆಲಸ ಬಿಟ್ಟು ದಾರಿ ತೋರಿಸುವ ಜನ ಅವರು, ಇದನ್ನು ನಾವು ಬೇವಿನ ನೆರಳಿನಲ್ಲಿ ಕಂಡಿದ್ದೇವೆ.

ನಾವು ಮಸ್ಕಿಗೆ ಎರಡನೇ ಬಾರಿ ಹೋದದ್ದು ಡಿಸೆಂಬರಿನಲ್ಲಿ, ಬೆಟ್ಟದ ಬುಡದಲ್ಲಿದ್ದದ್ದು ಬೆಳಿಗ್ಗೆ ಏಳಕ್ಕೆ. ಚಿನ್ನದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಆ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ದಾರಿಯ ಬದಿಗೆ ಮರ ನೆಡಿಸಿ ಬಾವಿ ತೋಡಿಸಿದ ಸಂಗತಿ ಅವನ ಬೇರೆ ಶಾಸನಗಳಲ್ಲಿದೆ, ಮಸ್ಕಿಯದರಲ್ಲಿಲ್ಲ. ಹಿಂದಿನ ಸಲ ಕುಸಿದಿದ್ದ ಹಿರಿಯರು ಆ ದಿನ ಎಲ್ಲರಿಗಿಂತ ಮುಂದೆ ಹತ್ತಿದರು, ಎರಡು ಬಾಟಲಿ ನೀರು ಹೆಗಲಲ್ಲಿ ಹಾಕಿಕೊಂಡು.

ಮರಳಿ ಬಂದ ಮೇಲೆ ಎರಡು ಮೂರು ವಾರದೊಳಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.